ಏನೂ ಕಾಣಿಸುತ್ತಿಲ್ಲವಲ್ಲ!

ಪಕ್ಕದ ಸೀಟಿನಲ್ಲಿ ಕುಳಿತು ಬಂದ ಭಾವನವರು ಇಳಿಯುವಾಗ ಬಾನೆಟ್ಟಿನಿಂದ ಹಿಂಬಾಗಿಲಿನವರೆಗೆ ಒಮ್ಮೆ ಕಣ್ಣಾಡಿಸಿ, "ಗಾಡಿಗೆ ಏನೇನೋ ಮಾಡಿದ್ದೀಯಂತೆ, ಏನೂ ಕಾಣಿಸುತ್ತಿಲ್ಲವಲ್ಲಪ್ಪ?" ಎಂದರು. ಮಾತಿನಲ್ಲಿ ವ್ಯಂಗ್ಯವಿದ್ದಿದ್ದರೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು. ಅವರು ನಿಜವಾದ ಕುತೂಹಲದಿಂದಲೇ ಕೇಳಿದ್ದರು. ಅವರ ಕಣ್ಣು ಹುಡುಕುತ್ತಿದ್ದದ್ದು ಹಿಂದುಗಡೆ ಎದ್ದು ನಿಂತ ರೆಕ್ಕೆಯನ್ನೋ, ಬದಿಗೆ ಅಂಟಿಸಿದ ಪಟ್ಟೆಗಳನ್ನೋ, ಸೈಲೆನ್ಸರಿನ ಬಾಯಿಗೆ ತೊಡಿಸಿದ ಹೊಳೆಯುವ ಕೊಳವೆಯನ್ನೋ ಇರಬೇಕು. ನಾನು ಮಾಡಿದ್ದು ಸಸ್ಪೆನ್ಷನ್ನಿನ ಹಳೆಯ ರಬ್ಬರ್ ಬುಷ್‌ಗಳನ್ನು ಬದಲಾಯಿಸಿದ್ದು, ಎಂಜಿನ್ನಿನ ಗಾಳಿಯನ್ನು ತಣಿಸುವ ಇಂಟರ್‌ಕೂಲರಿಗೆ ಹೋಗುವ ಮೆತ್ತಗಾದ ಪೈಪುಗಳನ್ನು ತೆಗೆದು ಸಿಲಿಕೋನ್ ಪೈಪು ಹಾಕಿದ್ದು, ಡೀಸೆಲ್ ಚಿಮ್ಮಿಸುವ ಇಂಜೆಕ್ಟರುಗಳ ಅಡಿಯ ತಾಮ್ರದ ವಾಷರುಗಳನ್ನು ಹೊಸದಾಗಿಸಿದ್ದು. ಇವುಗಳಲ್ಲಿ ಒಂದೂ ಹೊರಗೆ ಕಾಣುವಂಥದ್ದಲ್ಲ. ಕಾಣಿಸಿತೆಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ.

ಇದನ್ನೇ ಹವ್ಯಾಸವನ್ನಾಗಿ ಮಾಡಿಕೊಂಡವರಿಗೆ ಕಾಣದ ಕೆಲಸದ ಮೇಲೆ ಒಂದು ಬಗೆಯ ಅಹಂಕಾರ ಬೆಳೆಯುತ್ತದೆ. ಅಹಂಕಾರದ ತೊಂದರೆಯೇನೆಂದರೆ, ಯಾರಿಗೂ ಕಾಣಬಾರದು ಎಂದು ಅಷ್ಟು ಶ್ರದ್ಧೆಯಿಂದ ಮಾಡಿದ ಕೆಲಸವನ್ನು ಯಾರಾದರೂ ಗಮನಿಸಲಿ ಎಂದು ಒಳಗೊಳಗೇ ಕಾಯುವಂತಾಗುತ್ತದೆ. ಹೊಂಡದಲ್ಲಿ ಇಳಿದೆದ್ದ ಗಾಡಿ ಮೊದಲು 'ಧಡ್' ಎನ್ನುತ್ತಿತ್ತು, ಈಗ ಎನ್ನುತ್ತಿಲ್ಲ. ಇಲ್ಲದಿರುವ 'ಧಡ್' ಅನ್ನು ಪಕ್ಕದಲ್ಲಿ ಕುಳಿತವರು ಹೇಗೆ ಮೆಚ್ಚಿಕೊಳ್ಳಬೇಕು? "ಕೇಳಿಸಿತಾ?" ಎಂದು ಕೇಳಿದರೆ "ಏನು?" ಎನ್ನುತ್ತಾರೆ. "ಏನೂ ಕೇಳಿಸಲಿಲ್ಲವಲ್ಲ, ಅದೇ" ಎಂದರೆ ಮುಖವನ್ನು ಕಿಟಕಿಯ ಕಡೆಗೆ ತಿರುಗಿಸುತ್ತಾರೆ. ಇದಕ್ಕೆ ಹಾಕುವ ದುಡ್ಡು ಸೇರಿಸಿದರೆ ಹೊಸ ಗಾಡಿಯೇ ಬರುತ್ತಿತ್ತಲ್ಲ ಎಂದು ಲೆಕ್ಕ ಹೇಳುವವರಂತೂ ಎಲ್ಲ ಕುಟುಂಬಗಳಲ್ಲೂ ಇರುತ್ತಾರೆ. ಹಾಗಿದ್ದರೆ ಇದೆಲ್ಲ ಯಾತಕ್ಕೆ ಎಂಬ ಪ್ರಶ್ನೆಗೆ ನನ್ನಲ್ಲಿ ಒಂದು ಸರಿಯಾದ ಉತ್ತರವಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಪುಟ್ಟ ಡೀಸೆಲ್ ಗಾಡಿ ಎಂಬುದೇ ಮೂಲತಃ ಹಟದಿಂದ ಹುಟ್ಟಿದ ವಸ್ತು. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಓಡಿಸಿ ತೋರಿಸಿದ ಎಂಜಿನ್ ಸುಮಾರು 3 ಮೀಟರ್ ಎತ್ತರವಿತ್ತು, ನಾಲ್ಕೂವರೆ ಟನ್ ತೂಗುತ್ತಿತ್ತು, ಅದರಿಂದ ಹೊರಟ ಶಕ್ತಿ 20 ಅಶ್ವಶಕ್ತಿಯನ್ನೂ ಮುಟ್ಟುತ್ತಿರಲಿಲ್ಲ. ಅದನ್ನು ಕಾರಿನೊಳಗೆ ಕೂರಿಸಬಹುದೆಂದು ಆಗ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದರು. ಆದರೂ 1976ರ ಹೊತ್ತಿಗೆ ಫೋಕ್ಸ್‌ವ್ಯಾಗನ್ ಗಾಲ್ಫ್‌ನ ಬಾನೆಟ್ಟಿನಡಿ 1.5 ಲೀಟರಿನ, 50 ಅಶ್ವಶಕ್ತಿಯ ಡೀಸೆಲ್ ಎಂಜಿನ್ ಅಡ್ಡಲಾಗಿ ಬಂದು ಕುಳಿತಿತು. 1997ರಲ್ಲಿ ಆಲ್ಫಾ ರೋಮಿಯೊ 156 ಕಾರಿನ ಜೊತೆ ಕಾಮನ್ ರೇಲ್, ಅಂದರೆ ಎಲ್ಲ ಸಿಲಿಂಡರುಗಳಿಗೂ ಒಂದೇ ಕೊಳವೆಯಿಂದ ಭಾರಿ ಒತ್ತಡದಲ್ಲಿ ಡೀಸೆಲ್ ಹಂಚುವ ಏರ್ಪಾಡು, ಬಂತು. 2003ರಲ್ಲಿ ಫಿಯಟ್ ಹೊರತಂದ 1,248 ಸಿಸಿಯ ಮಲ್ಟಿಜೆಟ್ ಸುಮಾರು 130 ಕಿಲೊ ತೂಗುತ್ತಿತ್ತು, ಕೊಡುತ್ತಿದ್ದದ್ದು 70 ಅಶ್ವಶಕ್ತಿ. ಅದೇ ಎಂಜಿನ್ ಓಪೆಲ್, ಸುಜುಕಿ, ಟಾಟಾ ಎಂದು ಮನೆಮನೆಗೆ ಬೇರೆ ಬೇರೆ ಹೆಸರಿನಲ್ಲಿ ದತ್ತು ಹೋಯಿತು. ನನ್ನ ಗಾಡಿಯಲ್ಲಿರುವುದೂ ಆ ಕುಲದ್ದೇ. ಇಷ್ಟು ವರ್ಷ ಇಷ್ಟು ಜನ ತಲೆ ಕೆಡಿಸಿಕೊಂಡು ಕುಗ್ಗಿಸಿ, ತಗ್ಗಿಸಿ, ಸದ್ದಡಗಿಸಿ ಕೊಟ್ಟ ಎಂಜಿನ್ನನ್ನು ಮತ್ತೆ ಗಲಾಟೆ ಮಾಡುವಂತೆ ಬದಲಾಯಿಸುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಈ ಹವ್ಯಾಸದಲ್ಲಿ ಅಂಥವರದ್ದೇ ದೊಡ್ಡ ಪಂಗಡ. ಲ್ಯಾಪ್‌ಟಾಪ್ ಜೋಡಿಸಿ ಎಂಜಿನ್ನನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರಾದ ಇಸಿಯುವಿನ ಲೆಕ್ಕದ ನಕ್ಷೆಯನ್ನು ತಿದ್ದಿಸಿ, ಇಂಧನವನ್ನೂ ಟರ್ಬೊ ಒತ್ತಡವನ್ನೂ ಏರಿಸಿಕೊಂಡು, ಸಿಗ್ನಲ್ಲಿನಲ್ಲಿ ಆಕ್ಸಿಲರೇಟರ್ ಒತ್ತಿ ಹಿಂದೆ ಕಪ್ಪು ಮೋಡ ಎಬ್ಬಿಸುವುದೇ ಅವರಿಗೆ ಸಾಧನೆ. ಆ ಹೊಗೆ ಶಕ್ತಿಯ ಗುರುತಲ್ಲ. ಸುಡಲು ಬೇಕಾದಷ್ಟು ಗಾಳಿ ಸಿಗದೆ ಅರೆಬರೆ ಉರಿದ, ದುಡ್ಡು ಕೊಟ್ಟು ತುಂಬಿಸಿದ ಡೀಸೆಲ್. ಅದನ್ನು ಹಿಂದೆ ಬರುವ ಸ್ಕೂಟರಿನವನ ಮುಖಕ್ಕೆ ಉಗಿಯುವುದಕ್ಕೆ ಹೆಮ್ಮೆ ಬೇರೆ. ನಕ್ಷೆ ತಿದ್ದಬಾರದೆಂದು ನಾನು ಹೇಳುವುದಿಲ್ಲ, ನಾನೂ ತಿದ್ದಿಸಿದ್ದೇನೆ. ಹೊಗೆ ಕಾಣದಷ್ಟಕ್ಕೆ, ಕ್ಲಚ್ಚು ತಾಳುವಷ್ಟಕ್ಕೆ ಮಾತ್ರ. ಎಂಜಿನ್ನಿನಲ್ಲಿ ಟಾರ್ಕ್, ಅಂದರೆ ತಿರುಗಿಸುವ ಬಲ, ಏರಿಸುವುದು ಸುಲಭ, ಅದನ್ನು ಚಕ್ರಕ್ಕೆ ದಾಟಿಸಬೇಕಾದ ಕ್ಲಚ್ಚಿನ ತಟ್ಟೆ ಮೊದಲಿನದ್ದೇ ಆಗಿರುತ್ತದೆ ಎಂಬುದನ್ನು ಈ ಪಂಗಡದವರು ಏರಿನಲ್ಲಿ ಸುಟ್ಟ ವಾಸನೆ ಬಂದ ಮೇಲೆಯೇ ಕಲಿಯುವುದು. ಚಕ್ರದ ವಿಷಯದಲ್ಲೂ ಅಷ್ಟೆ. 165/80 ಆರ್14 ಟೈರನ್ನು ತೆಗೆದು 185/65 ಆರ್15 ಹಾಕಿದರೆ ಒಟ್ಟು ವ್ಯಾಸದಲ್ಲಿ 2 ಮಿಲಿಮೀಟರಿನಷ್ಟೂ ವ್ಯತ್ಯಾಸವಾಗುವುದಿಲ್ಲ, ಸ್ಪೀಡೋಮೀಟರು ಸುಳ್ಳು ಹೇಳುವುದಿಲ್ಲ. ಮೊದಲ ಅಂಕಿ ಮಿಲಿಮೀಟರಿನಲ್ಲಿ ಟೈರಿನ ಅಗಲ, ಎರಡನೆಯದು ಅಗಲದ ಶೇಕಡಾ ಎಷ್ಟು ಬದಿಯ ಎತ್ತರ ಎಂಬುದು, ಕೊನೆಯದು ಇಂಚಿನಲ್ಲಿ ರಿಮ್ಮಿನ ವ್ಯಾಸ; ಈ ಗುಣಾಕಾರಕ್ಕೆ ಕಾಗದ ಪೆನ್ಸಿಲು ಸಾಕು. ಅದನ್ನು ಬಿಟ್ಟು ಎತ್ತಿನ ಗಾಡಿಯ ಚಕ್ರ ಹಾಕಿಸಿಕೊಂಡು ಬಂದು, ಪಿಕಪ್ ಹೋಯಿತು ಎಂದು ಗೋಳಾಡುವವರಿಗೆ ಏನು ಹೇಳುವುದು?

ಈಗ ಇನ್ನೊಂದು ಸದ್ದಿನ ಕಥೆ. ಡ್ಯಾಶ್‌ಬೋರ್ಡಿನ ಎಡಮೂಲೆಯಿಂದ 'ಕಿರಕ್ ಕಿರಕ್' ಎಂಬ ಸದ್ದೊಂದು ಬರತೊಡಗಿತ್ತು. ಯಾವಾಗಲೂ ಬರುತ್ತಿದ್ದರೆ ಅದು ಸದ್ದು, ಇದು ಹಾಗಲ್ಲ. ಮೂರನೇ ಗೇರಿನಲ್ಲಿ, ಟ್ಯಾಕೋಮೀಟರಿನ ಮುಳ್ಳು 1,800ರ ಆಸುಪಾಸಿನಲ್ಲಿರುವಾಗ, ಮೆಲ್ಲಗೆ ಆಕ್ಸಿಲರೇಟರ್ ಒತ್ತಿದ್ದರೆ ಮಾತ್ರ. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಸುತ್ತೊಂದಕ್ಕೆ ಎರಡು ಸಿಲಿಂಡರುಗಳು ಉರಿಯುವುದರಿಂದ ನಿಮಿಷಕ್ಕೆ 1,800 ಸುತ್ತು ಎಂದರೆ ಸೆಕೆಂಡಿಗೆ 60 ಹೊಡೆತ. ಆ 60 ಹೊಡೆತಕ್ಕೆ ತಾಳ ಹಾಕುವ ಒಂದು ಪ್ಲಾಸ್ಟಿಕ್ ತುಂಡು ಎಲ್ಲೋ ಇದೆ, ಅದನ್ನು ಹಿಡಿದರಾಯಿತು ಎಂಬಲ್ಲಿಗೆ ತರ್ಕ ಮುಗಿಯುತ್ತಿತ್ತು, ಕಷ್ಟ ಶುರುವಾಗುತ್ತಿತ್ತು.

ಮೊದಲು ಗ್ಲೋವ್ ಬಾಕ್ಸನ್ನು ಖಾಲಿ ಮಾಡಿದೆ. ಅದರಲ್ಲಿದ್ದ ಕಾಗದಪತ್ರ, ಟಾರ್ಚು, ಟೈರಿನ ಒತ್ತಡ ನೋಡುವ ಮಾಪಕ ಎಲ್ಲ ಹೊರಗೆ ಬಂದವು, ಸದ್ದು ಒಳಗೇ ಉಳಿಯಿತು. ಬಾಕ್ಸಿನ ಎರಡೂ ಬದಿಗಳನ್ನು ಒಳಕ್ಕೆ ಒತ್ತಿ ತಡೆಗಳಿಂದ ಬಿಡಿಸಿದರೆ ಅದು ಜೋತುಬೀಳುತ್ತದೆ, ಹಿಂದೆ ಎಸಿಯ ಫಿಲ್ಟರೂ ಗಾಳಿ ಊದುವ ಮೋಟರೂ ಕಾಣುತ್ತವೆ. ಫಿಲ್ಟರಿನ ಮುಚ್ಚಳಕ್ಕೆ ಬಟ್ಟೆಯ ಟೇಪು ಸುತ್ತಿದೆ. ತಂತಿಗಳ ಕಟ್ಟಿಗೆ ಸ್ಪಂಜು ಸುತ್ತಿದೆ. ಸದ್ದಿಗೆ ಇದರಿಂದ ಏನೂ ಅನ್ನಿಸಲಿಲ್ಲ. ಆಮೇಲೆ ಸೀಟ್ ಬೆಲ್ಟಿನ ಕೊಂಡಿಯ ಮೇಲೆ ಅನುಮಾನ ಬಂತು, ಅದು ಬಾಗಿಲಿನ ಕಂಬದ ಪ್ಲಾಸ್ಟಿಕ್ಕಿಗೆ ತಾಗುವುದುಂಟು, ಕಟ್ಟಿಹಾಕಿದೆ. ಸೈಲೆನ್ಸರಿನ ಮೇಲಿನ, ಶಾಖ ತಡೆಯುವ ತಗಡು ಸಡಿಲವಾದರೆ ಅದರ ಸದ್ದು ಎಲ್ಲೆಲ್ಲಿಂದಲೋ ಬಂದಂತೆ ಕೇಳುತ್ತದೆ ಎಂದು ಓದಿದ್ದೆ, ಗಾಡಿಯಡಿ ಮಲಗಿ ಅದನ್ನೂ ಬಿಗಿದೆ. ಎಂಜಿನ್ ಮೌಂಟಿನ ರಬ್ಬರು ನೋಡಿದೆ, ಚೆನ್ನಾಗಿತ್ತು. ಚೆನ್ನಾಗಿತ್ತು ಎಂದು ಬೇಸರವಾಯಿತು.

ಕೊನೆಗೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟೆ. ಆಕೆ ಡ್ಯಾಶ್‌ಬೋರ್ಡಿನ ಒಂದೊಂದೇ ಭಾಗವನ್ನು ಅಂಗೈಯಿಂದ ಒತ್ತಿ ಹಿಡಿಯಬೇಕು, ಎಲ್ಲಿ ಒತ್ತಿದಾಗ ಸದ್ದು ನಿಲ್ಲುತ್ತದೆಯೋ ಅಲ್ಲಿ ಕಳ್ಳ ಸಿಕ್ಕ ಹಾಗೆ. ಅವಳು ಕುಳಿತೊಡನೆಯೇ ಸದ್ದು ನಿಂತಿತು. ಇಳಿಸಿದೆ, ಬಂತು. ಹತ್ತಿಸಿಕೊಂಡೆ, ಹೋಯಿತು. "ಅಪ್ಪಾ, ನಾನು ಯಾವಾಗಲೂ ಇಲ್ಲೇ ಕೂತರೆ ಆಯಿತಲ್ಲ" ಎಂದಳು. ಮಗುವಿನ ತೂಕಕ್ಕೆ ಗಾಡಿಯ ಒಡಲು ಇಷ್ಟೇ ಇಷ್ಟು ಬಾಗಿ, ಎರಡು ತುಂಡುಗಳು ಒಂದಕ್ಕೊಂದು ಒತ್ತಿಕೊಳ್ಳುತ್ತಿವೆ ಎಂದು ಊಹಿಸಿ, ಸೀಟಿನ ಮೇಲೆ ಅಷ್ಟೇ ತೂಕದ ಮರಳಿನ ಚೀಲ ಇಟ್ಟು ನೋಡಿದೆ. ಮರಳಿಗೆ ಸದ್ದು ಹೆದರಲಿಲ್ಲ. ಹತ್ತಿರದ ಸರ್ವಿಸ್ ಕೇಂದ್ರವೊಂದಕ್ಕೆ ಒಯ್ದಾಗ ಅಲ್ಲಿನ ಹುಡುಗ ಒಂದು ಸುತ್ತು ಓಡಿಸಿ ಬಂದು, ಬಹಳ ಗೌರವದಿಂದ, "ಸಾರ್, ಹಾಡು ಹಾಕ್ಕೊಂಡು ಓಡಿಸಿ" ಎಂದ. ಅವನ ಲೆಕ್ಕದಲ್ಲಿ ಅದು ಪರಿಹಾರ. ಬಿಲ್ಲಿನಲ್ಲಿ 'ತಪಾಸಣೆ' ಎಂದು ಅದಕ್ಕೂ ಒಂದು ಸಾಲು ಬರೆದಿದ್ದರು. ಮನೆಗೆ ಬಂದು ನೋಡಿದರೆ ನಾನು ಸುತ್ತಿದ್ದ ಟೇಪು ಕಿತ್ತುಹೋಗಿತ್ತು, ಡ್ಯಾಶ್‌ಬೋರ್ಡಿನ ಒಂದು ಕ್ಲಿಪ್ಪು ಮುರಿದಿತ್ತು, ಸೀಟಿನ ಮೇಲೆ ಗ್ರೀಸಿನ ಕೈಯ ಗುರುತಿತ್ತು. ಸದ್ದು ಮಾತ್ರ ಸುರಕ್ಷಿತವಾಗಿತ್ತು.

ಒಂದು ಬೆಳಿಗ್ಗೆ ಅದು ಇರಲಿಲ್ಲ. ಮೂರನೇ ಗೇರು, 1,800 ಸುತ್ತು, ಮೆಲ್ಲಗೆ ಆಕ್ಸಿಲರೇಟರ್, ಏನೂ ಇಲ್ಲ. ನಾನು ಅದೇ ರಸ್ತೆಯಲ್ಲಿ ಹಿಂದಕ್ಕೂ ಮುಂದಕ್ಕೂ ಓಡಾಡಿದೆ. ಬೇರೆಯವರಾಗಿದ್ದರೆ ಸಂತೋಷಪಡುತ್ತಿದ್ದರೇನೋ, ನನಗೆ ಅವಮಾನವಾದಂತಾಯಿತು. ನಾನು ಸರಿಪಡಿಸಿದ್ದಲ್ಲ, ಅದು ಹೇಳದೆ ಕೇಳದೆ ಎದ್ದುಹೋದದ್ದು. ಹಾಗೆ ಹೋದದ್ದು ಹಾಗೆಯೇ ಬರಬಹುದಾದ್ದರಿಂದ ಇವತ್ತಿಗೂ 1,800ರ ಹತ್ತಿರ ಮುಳ್ಳು ಬಂದೊಡನೆ ನನ್ನ ಮಾತು ನಿಂತು ಕಿವಿ ನೆಟ್ಟಗಾಗುತ್ತದೆ. ಪಕ್ಕದಲ್ಲಿರುವವರು ನನಗೆ ಏನೋ ಆಯಿತೆಂದುಕೊಳ್ಳುತ್ತಾರೆ.

ಇದಕ್ಕೆ ಹೋಲಿಸಿದರೆ ಕೊಳೆಯ ಕೆಲಸ ಪ್ರಾಮಾಣಿಕವಾದದ್ದು. ಉರಿದ ಹೊಗೆಯ ಒಂದು ಪಾಲನ್ನು ಇಜಿಆರ್ ಕವಾಟದ ಮೂಲಕ ಮತ್ತೆ ಎಂಜಿನ್ನಿಗೇ ಉಣಿಸುತ್ತಾರೆ. ಒಳಗಿನ ಉರಿಯ ಶಾಖ ತಗ್ಗಿ ನೈಟ್ರೋಜನ್ ಆಕ್ಸೈಡುಗಳು ಕಡಿಮೆಯಾಗಲಿ ಎಂಬುದು ಉದ್ದೇಶ, ಒಳ್ಳೆಯ ಉದ್ದೇಶವೇ. ಆದರೆ ಆ ಹೊಗೆಯ ಮಸಿ, ಕ್ರ್ಯಾಂಕ್‌ಕೇಸಿನಿಂದ ಬರುವ ಎಣ್ಣೆಯ ಆವಿಯೊಂದಿಗೆ ಬೆರೆತು, ಗಾಳಿ ಹೋಗುವ ಇನ್‌ಟೇಕ್ ಮ್ಯಾನಿಫೋಲ್ಡಿನ ಗೋಡೆಗಳಿಗೆ ಪದರ ಪದರವಾಗಿ ಹತ್ತುತ್ತದೆ. ಬಿಚ್ಚಿ ನೋಡಿದಾಗ ಹೆಬ್ಬೆರಳು ಸಲೀಸಾಗಿ ಹೋಗಬೇಕಾದ ದ್ವಾರದಲ್ಲಿ ಕಿರುಬೆರಳು ತೂರುವುದೂ ಕಷ್ಟವಾಗಿತ್ತು. ಮೇಲಿನ ಪದರ ಒದ್ದೆ, ಬೆರಳಿಗೆ ಜಿಡ್ಡಾಗಿ ಬರುತ್ತದೆ. ಅದರ ಅಡಿಯಲ್ಲಿ ಗಟ್ಟಿ, ಪ್ಲಾಸ್ಟಿಕ್ಕಿನ ಸಲಾಕೆಯಿಂದ ಕೆರೆದರೆ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಕೆರೆಯುವ ಮೊದಲು ಸಿಲಿಂಡರಿನ ಕಡೆಯ ದ್ವಾರಗಳಿಗೆಲ್ಲ ಬಟ್ಟೆ ತುರುಕಬೇಕು, ಏಕೆಂದರೆ ಡೀಸೆಲ್ ಎಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಬಂದಾಗ ಅದಕ್ಕೂ ಸಿಲಿಂಡರಿನ ಮುಚ್ಚಳವಾದ ಹೆಡ್ಡಿಗೂ ನಡುವೆ ಉಳಿಯುವ ಜಾಗ ಒಂದು ಮಿಲಿಮೀಟರಿನ ಆಸುಪಾಸು. ಅಲ್ಲಿಗೆ ಬಿದ್ದ ಗಟ್ಟಿ ಚೂರಿಗೆ ಹೋಗಲು ದಾರಿಯಿಲ್ಲ. ಅಂದು ಹತ್ತಿದ ಕಪ್ಪು ಉಗುರಿನ ಸಂದಿಯಿಂದ ಒಂದು ವಾರವಾದರೂ ಹೋಗಲಿಲ್ಲ, ಮದುವೆಯೊಂದರಲ್ಲಿ ಕೈ ಮುಗಿಯುವಾಗ ಬೆರಳುಗಳನ್ನು ಮಡಚಿಕೊಂಡೇ ಮುಗಿದೆ. ಗಾಡಿ ಆಮೇಲೆ ಹಗುರಾಗಿ ಓಡುತ್ತದೆ ಎಂದು ನನಗನ್ನಿಸುತ್ತದೆ. ಇದಕ್ಕೆ ಸಾಕ್ಷಿ ಕೇಳಬಾರದು.

ಕಪ್ಪಿನ ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ. ಬಾನೆಟ್ ತೆರೆದಿದೆ ಎಂದು ಕಂಡೊಡನೆ ದಾರಿಯಲ್ಲಿ ಹೋಗುವವರೂ ಬಂದು ಡಿಪ್‌ಸ್ಟಿಕ್ ಎಳೆದು ನೋಡಿ, ಆಯಿಲ್ ಕಪ್ಪಾಗಿದೆ, ಬದಲಾಯಿಸಿ ಎಂದು ತೀರ್ಪು ಕೊಡುತ್ತಾರೆ. ಡೀಸೆಲ್ ಎಂಜಿನ್ನಿನ ಆಯಿಲ್ ಹಾಕಿದ ಕೆಲವೇ ದಿನಗಳಲ್ಲಿ ಕಪ್ಪಾಗುತ್ತದೆ, ಆಗಲೇಬೇಕು; ಮಸಿಯನ್ನು ತಳಕ್ಕೆ ಕೂರಲು ಬಿಡದೆ ತನ್ನಲ್ಲೇ ತೇಲಿಸಿಕೊಂಡು ಫಿಲ್ಟರಿಗೂ ಡ್ರೈನಿಗೂ ಒಯ್ಯುವುದೇ ಅದರ ಕೆಲಸ. ಕೆಲಸ ಮಾಡಿದವನ ಬಟ್ಟೆ ಕೊಳೆಯಾಗಿದೆ ಎಂದು ಕೆಲಸದಿಂದ ತೆಗೆಯುತ್ತಾರೆಯೆ? ಬಂದವರು ಡಿಪ್‌ಸ್ಟಿಕ್ಕನ್ನು ತಮ್ಮ ಪ್ಯಾಂಟಿಗೆ ಒರೆಸಿಕೊಳ್ಳುವುದಿಲ್ಲ, ನನ್ನ ಒಳ್ಳೆಯ ಬಟ್ಟೆಗೇ ಒರೆಸುತ್ತಾರೆ. ಹೋಗುವಾಗ ಬಾನೆಟ್ಟನ್ನು ಮೆಲ್ಲಗೆ ಮುಚ್ಚುವುದೂ ಇಲ್ಲ, ಧಡಾರನೆ ಬಿಡುತ್ತಾರೆ. ಬಾಗಿಲುಗಳ ವಿಷಯ ಎತ್ತುವುದೇ ಬೇಡ.

ಇದೆಲ್ಲ ಯಾತಕ್ಕೆ ಎಂಬುದಕ್ಕೆ ಉತ್ತರ ಕೊಡುತ್ತೇನೆಂದು ಮೇಲೆ ಹೇಳಿದ್ದೆ. ಕೊಡಬಹುದಿತ್ತು, ಆದರೆ ಮೂರನೇ ಸಿಲಿಂಡರಿನಲ್ಲಿ, ತಣ್ಣಗಿನ ಎಂಜಿನ್ ಹೊತ್ತಿಕೊಳ್ಳಲೆಂದು ಕಾಯಿಸಿಕೊಡುವ ಗ್ಲೋ ಪ್ಲಗ್ ಸತ್ತಿದೆ. ಮಲ್ಟಿಮೀಟರಿನಲ್ಲಿ ಉಳಿದ ಮೂರು ಒಂದು ಓಮ್‌ಗೂ ಕಡಿಮೆ ತೋರಿಸುತ್ತಿದ್ದರೆ ಅದೊಂದು ಏನನ್ನೂ ತೋರಿಸುತ್ತಿಲ್ಲ. ತಣ್ಣಗಿನ ಎಂಜಿನ್ನಿನಲ್ಲಿ ಗ್ಲೋ ಪ್ಲಗ್ಗಿಗೆ ಸ್ಪ್ಯಾನರ್ ಹಾಕಿ ತಿರುಗಿಸಿದರೆ ಅರ್ಧ ಕೈಗೆ ಬಂದು ಅರ್ಧ ಹೆಡ್ಡಿನಲ್ಲೇ ಮುರಿದು ಉಳಿಯುವ ಅಪಾಯವಿರುತ್ತದೆ, ಆಮೇಲೆ ಹೆಡ್ಡನ್ನೇ ಇಳಿಸಬೇಕಾಗಬಹುದು. ಬಿಸಿಯಿರುವಾಗಲೇ, ಅವಸರವಿಲ್ಲದೆ, ಕಾಲು ಸುತ್ತು ಬಿಚ್ಚಿ, ಮತ್ತೆ ಸ್ವಲ್ಪ ಹಿಂದಕ್ಕೆ ತಿರುಗಿಸಿ, ಸಂದಿಗೆ ಇಳಿದು ಸಡಿಲಿಸುವ ಎಣ್ಣೆ ಹಾಕಿ ಬಿಡಿಸಬೇಕು. ಅದಕ್ಕೆಂದೇ ಗಾಡಿಯನ್ನು ಒಂದು ಸುತ್ತು ಓಡಿಸಿ ತಂದು ನಿಲ್ಲಿಸಿದ್ದೆ. ಎಂಜಿನ್ ಈಗಾಗಲೇ ಆರುತ್ತಿದೆ.