ಊಟಕ್ಕೆ ಕರೆದವರು ಅನ್ನ ತನ್ನಿ ಅಂದರು

ನಾವು ಲೂಯಿಸಿಯಾನಾದ ಲಾಫಯೆಟ್‌ಗೆ ಬಂದ ಮೊದಲ ವರ್ಷದ ಮಾತು. ಎದುರು ಮನೆಯ ಅಜ್ಜ ಕರೆದು, ಶನಿವಾರ ನಮ್ಮಲ್ಲಿ ಮಾರ್ಡಿಗ್ರಾ ಊಟ, ಮನೆಮಂದಿಯೆಲ್ಲ ಬನ್ನಿ ಅಂದರು. ಮಾರ್ಡಿಗ್ರಾ ಅಂದರೆ ಈಸ್ಟರ್ ಮುಂಚಿನ ಉಪವಾಸದ ದಿನಗಳು ಶುರುವಾಗೋ ಮೊದಲು ಉಂಡು ಕುಣಿಯೋ ಹಬ್ಬ. ಪರವೂರಲ್ಲಿ ಒಬ್ಬರು ಹಬ್ಬಕ್ಕೆ ಕರೆದರಲ್ಲ ಅಂತ ಹಿಗ್ಗಿದೆ. ಏನಾದರೂ ತರಲಾ ಅಂತ ಬಾಯಿಮಾತಿಗೆ ಕೇಳಿದೆ. "ಅನ್ನ ಮಾಡಿಕೊಂಡು ಬಾ. 20 ಜನಕ್ಕೆ ಆಗಬೇಕು," ಅಂದರು.

ಚುರುಕ್ ಅಂತು. ಊಟಕ್ಕೆ ಕರೆದು ಅನ್ನ ನೀನೇ ತಾ ಅನ್ನೋದುಂಟಾ? ಹೊಳೆನರಸೀಪುರದ ಹತ್ತಿರದ ನಮ್ಮೂರಲ್ಲಿ ಹೀಗೆ ಹೇಳಿದ್ದರೆ ಮೂರು ತಲೆಮಾರು ಮಾತು ಬಿಡುತ್ತಿದ್ದರು. ಅಮ್ಮನಿಗೆ ಫೋನಿನಲ್ಲಿ ಹೇಳಿದರೆ, "ಅವರ ಮನೇಲಿ ಅಕ್ಕಿಗೂ ಗತಿ ಇಲ್ವೇನೇ?" ಅಂದಳು. ಆದರೂ ದೊಡ್ಡ ಪಾತ್ರೆಯಲ್ಲಿ ಅನ್ನ ಮಾಡಿ, ಬಟ್ಟೆ ಸುತ್ತಿ ತಗೊಂಡು ಹೋದೆ.

ಹೋದರೆ ಅಲ್ಲಿ ಅಡುಗೆ ಇನ್ನೂ ಶುರುವೇ ಆಗಿರಲಿಲ್ಲ. ಅಂಗಳದಲ್ಲಿ ಗ್ಯಾಸ್ ಒಲೆ, ಅದರ ಮೇಲೆ ನಮ್ಮ ಹಂಡೆಯಷ್ಟು ದೊಡ್ಡ ಕಬ್ಬಿಣದ ಪಾತ್ರೆ. ಅಜ್ಜ ಎಣ್ಣೆ ಸುರಿದು ಅದಕ್ಕೆ ಮೈದಾ ಹಾಕಿ ತಿರುಗಿಸುತ್ತಾ ನಿಂತಿದ್ದರು. ಇದಕ್ಕೆ ರೂ ಅಂತಾರೆ. ಗಂಬೋ ಅನ್ನೋ ಇಲ್ಲಿನ ಗಟ್ಟಿ ಸಾರಿಗೆ ಜೀವ ಇದೇ. ಮುಕ್ಕಾಲು ಗಂಟೆ ಕೈ ಬಿಡದೆ ತಿರುಗಿಸಬೇಕು. ಮೊದಲು ಹುರಿಗಡಲೆ ಬಣ್ಣ, ಆಮೇಲೆ ಬೆಲ್ಲದ ಬಣ್ಣ, ಕಡೆಗೆ ಕಾಫಿಪುಡಿ ಬಣ್ಣ. ನಡುವೆ ಒಂದು ಕಪ್ಪು ಚುಕ್ಕಿ ಕಂಡರೂ ಸೀದಿತು ಅಂತಲೇ ಲೆಕ್ಕ. ಎಲ್ಲ ಚೆಲ್ಲಿ ಮೊದಲಿಂದ ಮಾಡಬೇಕು. ಹತ್ತು ನಿಮಿಷಕ್ಕೊಬ್ಬರು ಸೌಟು ಬದಲಾಯಿಸಿಕೊಂಡರು. ನನ್ನ ಕೈಗೂ ಬಂತು. ನಾನು ತಿರುಗಿಸುವಾಗ ಅಜ್ಜನ ಹೆಂಡತಿ ಪಕ್ಕದ ಕುರ್ಚಿಯಲ್ಲಿ ಕಾಲು ಚಾಚಿ ಕೂತು ಮಾತಾಡುತ್ತಿದ್ದರು. ಅವರ ಮನೆ ಹಬ್ಬ, ಅವರೇ ಆರಾಮಾಗಿ ಕೂತಿದ್ದರು. ಅದನ್ನು ನೋಡಿಕೊಂಡೇ ನಿಂತೆ.

ರೂ ಹದಕ್ಕೆ ಬಂದ ಕೂಡಲೇ ಹೆಚ್ಚಿದ ಈರುಳ್ಳಿ, ಸೆಲರಿ, ದೊಣ್ಣೆ ಮೆಣಸಿನಕಾಯಿ ಒಟ್ಟಿಗೆ ಬಿತ್ತು. ಚೊಯ್ಯ್ ಅಂತ ಹೊಗೆ ಎದ್ದು ಬೀದಿಗೆಲ್ಲ ಘಮ. ಆಮೇಲೆ ಕೋಳಿ, ಆಂಡುಯಿ ಅನ್ನೋ ಹೊಗೆ ಹಿಡಿಸಿದ ಸಾಸೇಜು, ನೀರು. ಎರಡು ಗಂಟೆ ಕುದಿಯಿತು. ತಟ್ಟೆಯಲ್ಲಿ ನನ್ನ ಅನ್ನ, ಮೇಲೆ ಗಂಬೋ. ಬಾಯಿಗಿಟ್ಟರೆ ನಾಟಿಕೋಳಿ ಸಾರಿನ ದೂರದ ನೆಂಟನ ಹಾಗಿತ್ತು.

ಆ ಅಜ್ಜ ಕೇಜನ್. ಅವರ ಹಿಂದಿನವರು ಫ್ರೆಂಚ್ ಮಾತಾಡುವ ರೈತರು, ಈಗಿನ ಕೆನಡಾದ ನೋವಾ ಸ್ಕೋಷಿಯಾ ಕಡೆ ಇದ್ದವರು. 1755ರಲ್ಲಿ ಬ್ರಿಟಿಷರು ಅವರನ್ನು ಮನೆಮಠ ಬಿಡಿಸಿ ಹಡಗು ಹತ್ತಿಸಿದರು. ಅಲ್ಲಿ ಇಲ್ಲಿ ಅಲೆದು ಎಷ್ಟೋ ಜನ ಕಡೆಗೆ ಇಲ್ಲಿನ ಜೌಗು ನೆಲಕ್ಕೆ ಬಂದು ನಿಂತರು. ಕೇಜನ್ ಅಡುಗೆ ಇವರದ್ದು. ಇಲ್ಲಿನ ಇನ್ನೊಂದು ಬಗೆ, ಕ್ರಿಯೋಲ್ ಅಡುಗೆ, ನ್ಯೂ ಆರ್ಲಿಯನ್ಸ್ ಪೇಟೆಯದ್ದು. ಫ್ರೆಂಚರು, ಸ್ಪೇನಿನವರು, ಆಫ್ರಿಕಾದಿಂದ ಹಿಡಿದು ತಂದ ಜನ, ಎಲ್ಲರ ಕೈರುಚಿಯೂ ಅದರಲ್ಲಿದೆ. ಬೆಣ್ಣೆ ಜಾಸ್ತಿ, ಟೊಮೇಟೊ ಉಂಟು. ಕೇಜನ್ ಗಂಬೋಗೆ ಟೊಮೇಟೊ ಹಾಕಿದರೆ ನಮ್ಮ ಅಜ್ಜ ತಟ್ಟೆ ಮುಟ್ಟೋದಿಲ್ಲ. ಗಂಬೋ ಅನ್ನೋ ಹೆಸರೇ ಆಫ್ರಿಕಾದ ಭಾಷೆಯಲ್ಲಿ ಬೆಂಡೆಕಾಯಿಗೆ ಇದ್ದ ಹೆಸರಿನಿಂದ ಬಂದದ್ದು ಅಂತಾರೆ. ಬೆಂಡೆಕಾಯಿಯ ಲೋಳೆಯನ್ನು ನಾವು ಹುರಿದು ಓಡಿಸುತ್ತೇವೆ. ಇವರು ಅದನ್ನೇ ಸಾರು ಗಟ್ಟಿ ಆಗಲಿ ಅಂತ ಉಳಿಸಿಕೊಳ್ಳುತ್ತಾರೆ.

ಅನ್ನ ತಾ ಅಂದದ್ದರ ಹಿಂದಿನ ಮಾತು ಮುಂದಿನ ವರ್ಷ ತಿಳಿಯಿತು. ಇಲ್ಲಿಂದ ಸ್ವಲ್ಪ ದೂರದ ಮಾಮೂ, ಯೂನಿಸ್ ಅನ್ನೋ ಊರುಗಳಲ್ಲಿ ಮಾರ್ಡಿಗ್ರಾ ದಿನ ಮುಖವಾಡ ಹಾಕಿಕೊಂಡವರು ಕುದುರೆ ಹತ್ತಿ ಮನೆಮನೆಗೆ ಹೋಗುತ್ತಾರೆ. ಒಬ್ಬರು ಅಕ್ಕಿ ಕೊಡುತ್ತಾರೆ, ಒಬ್ಬರು ಈರುಳ್ಳಿ, ಒಬ್ಬರು ಜೀವಂತ ಕೋಳಿಯನ್ನೇ ಹಾರಿಬಿಡುತ್ತಾರೆ. ಓಡಿ ಹಿಡಿಯಬೇಕು. ಸಂಜೆಗೆ ಅದೆಲ್ಲ ಸೇರಿ ಊರಿಗೆಲ್ಲ ಗಂಬೋ. ನಮ್ಮಲ್ಲಿ ಕಾಮನ ಹಬ್ಬಕ್ಕೆ ಹುಡುಗರು ಸೌದೆ ಬೆರಣಿ ಕೂಡಿಸುತ್ತಿದ್ದ ಹಾಗೆ. ನನ್ನನ್ನು ಅನ್ನ ತಾ ಅಂದದ್ದು ಬಡತನಕ್ಕಲ್ಲ, ಸಣ್ಣತನಕ್ಕೂ ಅಲ್ಲ. ಪಾತ್ರೆಯಲ್ಲಿ ನಿನ್ನ ಪಾಲೂ ಇರಲಿ ಅಂತ.

ಅವತ್ತಿನಿಂದ ನನಗೆ ನಮ್ಮ ಮನೆಯ ವರ್ಸತೊಡಕು ನೆನಪಾದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಬೆಳಗಿನ ಜಾವ ನಾಲ್ಕಕ್ಕೆ ಅಮ್ಮ, ಚಿಕ್ಕಮ್ಮ, ಅತ್ತೆ ಒಲೆ ಮುಂದೆ. ಖಾರ ಅರೆಯೋದು, ಮುದ್ದೆ ಕಟ್ಟೋದು, ಮೂರು ಪಂಕ್ತಿ ಬಡಿಸೋದು. ಗಂಡಸರು ಜಗುಲಿ ಮೇಲೆ ಇಸ್ಪೀಟು. ಹರಕೆ ದಿನ ತೋಪಿನಲ್ಲಿ ಬಾಡು ಬೇಯಿಸೋದು ಗಂಡಸರೇ, ಒಪ್ಪುತ್ತೇನೆ. ಆದರೆ ಮನೆ ಒಲೆಯ ಹತ್ತಿರ ಅದೇ ಗಂಡಸರು ಸುಳಿಯೋದಿಲ್ಲ. ಅಮ್ಮ ಉಣ್ಣುವಾಗ ಮಧ್ಯಾಹ್ನ ನಾಲ್ಕು ಗಂಟೆ. ಅಡುಗೆಮನೆ ಹೊಸಿಲ ಹತ್ತಿರ ಕೂತು, ತಳದ ಸಾರು, ಆರಿದ ಮುದ್ದೆ. ನೆಂಟರು ಏನು ಮಾತಾಡಿದರು, ಯಾರು ನಗಿಸಿದರು, ಅವಳಿಗೆ ಗೊತ್ತೇ ಇಲ್ಲ. ಈಗ ಬೆಂಗಳೂರಿನ ತಂಗಿ ಕೇಟರಿಂಗ್‌ನವರಿಗೆ ಹೇಳುತ್ತಾಳೆ. ಹೆಂಗಸರ ಸೊಂಟ ಉಳಿಯಿತು, ನಿಜ. ಆದರೆ ಸೌಟು ಹಿಡಿಯೋ ಕೈ ಮನೆಯದ್ದೂ ಅಲ್ಲ, ನೆಂಟರದ್ದೂ ಅಲ್ಲ.

ಅದಕ್ಕೇ ಹಬ್ಬದ ಊಟವನ್ನು ನಾನು ಈಗ ಇಲ್ಲಿಯವರ ಹಾಗೇ ಮಾಡುತ್ತೇನೆ. ಮಾರ್ಡಿಗ್ರಾ ಹೆಚ್ಚುಕಮ್ಮಿ ಶಿವರಾತ್ರಿ ಹೊತ್ತಿಗೆ ಬರುತ್ತದೆ. ಗಂಬೋ ಹಿಂದಿನ ದಿನವೇ ಆಗಬೇಕು. ನಮ್ಮ ಮೀನು ಸಾರಿನ ಹಾಗೆ ಮಾರನೇ ದಿನವೇ ಅದಕ್ಕೆ ರುಚಿ ಬರೋದು. ರೂ ತಿರುಗಿಸೋಕೆ ಮೂವರನ್ನು ಮುಂಚಿನ ಸಂಜೆಯೇ ಕರೆಯುತ್ತೇನೆ. ಹಬ್ಬ ಅಲ್ಲಿಂದಲೇ ಶುರು. ಮಾಂಸ ತಿನ್ನದವರಿಗೆ ಸೊಪ್ಪಿನ ಗಂಬೋ, ಗಂಬೋ ಝೆರ್ಬ್. ಅದು ನಮ್ಮ ಬೆರಕೆ ಸೊಪ್ಪಿನ ಸಾರೇ ಅನ್ನಿ. ನ್ಯೂ ಆರ್ಲಿಯನ್ಸ್‌ನಲ್ಲಿ ಲಿಯಾ ಚೇಸ್ ಅಂತ ಹೆಸರಾದ ಅಡುಗೆಯಾಕೆ ಇದ್ದರು, 2019ರಲ್ಲಿ ತೀರಿಕೊಂಡರು. ಗುಡ್ ಫ್ರೈಡೆ ಹಿಂದಿನ ಗುರುವಾರ ಅವರ ಹೋಟೆಲಿನ ಸೊಪ್ಪಿನ ಗಂಬೋಗೆ ಜನ ಸಾಲು ಹಚ್ಚುತ್ತಿದ್ದರು. ಅವರದ್ದರಲ್ಲಿ ಮಾಂಸ ಇರುತ್ತಿತ್ತು, ನಾನು ಬಿಡುತ್ತೇನೆ. ಎಷ್ಟು ಬಗೆ ಸೊಪ್ಪೋ ಆ ವರ್ಷ ಅಷ್ಟು ಹೊಸ ಸ್ನೇಹಿತರು ಅನ್ನೋ ನಂಬಿಕೆ ಇದೆ. ನಾನು ಒಂಬತ್ತು ಹಾಕುತ್ತೇನೆ, ಅದರಲ್ಲಿ ಮೆಂತ್ಯವೂ ಸೇರಿರುತ್ತದೆ.

ಅನ್ನ ಒಬ್ಬರು, ಆಲೂಗಡ್ಡೆ ಸಲಾಡ್ ಒಬ್ಬರು, ಹಸಿರು-ನೇರಳೆ-ಚಿನ್ನದ ಬಣ್ಣದ ಕಿಂಗ್ ಕೇಕ್ ಒಬ್ಬರು ತರುತ್ತಾರೆ. ಕೇಕಿನೊಳಗೆ ಪುಟ್ಟ ಪ್ಲಾಸ್ಟಿಕ್ ಮಗು ಇರುತ್ತದೆ. ಯಾರ ತುಂಡಿನಲ್ಲಿ ಸಿಕ್ಕಿತೋ ಮುಂದಿನ ಕೇಕು ಅವರದ್ದು. ಸೀಗಡಿ ತರೋಕೆ ಹೋದರೆ ಅಂಗಡಿಯಾತ ತೂಗಿದ ಮೇಲೆ ಒಂದು ಹಿಡಿ ಎಸೆದು "ಲ್ಯಾನ್ಯಾಪ್" ಅನ್ನುತ್ತಾನೆ. ಕೊಸರು! ಮೊದಲ ಸಲ ಕೇಳಿದಾಗ ಅಂಗಡಿಯಲ್ಲೇ ಕಣ್ಣು ತುಂಬಿತು.

ಕುಡಿಯೋದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳೋದಿಲ್ಲ. ಹರಿಕೇನ್ ಅಂದರೆ ರಮ್, ಪ್ಯಾಷನ್ ಫ್ರೂಟ್, ನಿಂಬೆ. ಹಣ್ಣಿನ ರಸ ದೊಡ್ಡ ಜಾಡಿಯಲ್ಲಿ, ರಮ್ ಪಕ್ಕದಲ್ಲಿ. ಮಕ್ಕಳಿಗೂ ಆಯಿತು, ಬೇಕಾದವರಿಗೂ ಆಯಿತು. ಕೊನೆಗೆ ಕಾಫಿ ಮಾತ್ರ ನನ್ನದೇ. ಅಮೆರಿಕದ ಅಂತರ್ಯುದ್ಧದಲ್ಲಿ ಬಂದರು ಮುಚ್ಚಿ ಕಾಫಿ ಸಿಗದೆ ಇಲ್ಲಿನವರು ಚಿಕೋರಿ ಬೆರೆಸಿದರು, ಆ ರುಚಿ ಇವತ್ತಿಗೂ ಬಿಟ್ಟಿಲ್ಲ. ಬಿಸಿ ಹಾಲು ಬೆರೆಸಿಯೇ ಕುಡಿಯುತ್ತಾರೆ. ನಾನು ಹಾಸನದ ಪುಡಿಯಲ್ಲಿ ಡಿಕಾಕ್ಷನ್ ಇಳಿಸಿ ಲೋಟದಲ್ಲಿ ಕೊಟ್ಟರೆ, ಇದು ನಮ್ಮ ಅಜ್ಜಿ ಕಾಫಿ ಅಂತಾರೆ.

ಇಷ್ಟು ಹೇಳಿದ ಮೇಲೆ ಇದನ್ನೂ ಹೇಳಲೇಬೇಕು. ಎರಡು ವರ್ಷದ ಹಿಂದೆ ಅಮ್ಮ ಬಂದಿದ್ದಳು. ಮಾರ್ಡಿಗ್ರಾ ದಿನ ಹೊಸ ಸೀರೆ ಉಡಿಸಿ ಕುರ್ಚಿಯಲ್ಲಿ ಕೂರಿಸಿದೆ. ಇವತ್ತು ನೀನು ಏಳಬೇಡ ಅಂದೆ. ಮನೆ ತುಂಬಾ ಜನ, ನಗು, ಹಾಡು. ಎಲ್ಲರೂ ತಮ್ಮ ತಮ್ಮ ತಟ್ಟೆಗೆ ಹಾಕಿಕೊಂಡರು. ನಾನೂ ಮಾತಿನಲ್ಲಿ ಮುಳುಗಿದ್ದೆ. ಒಂಬತ್ತು ಗಂಟೆಗೆ ಎಲ್ಲರೂ ಹೋದ ಮೇಲೆ ನೋಡಿದರೆ ಅವಳ ತೊಡೆ ಮೇಲೆ ತಟ್ಟೆ ಹಾಗೇ ಇದೆ, ಖಾಲಿ.

"ಯಾಕಮ್ಮ ಊಟ ಮಾಡಲಿಲ್ಲ?"

"ಯಾರೂ ಹಾಕ್ಕೊಳ್ಳಿ ಅನ್ನಲಿಲ್ಲವಲ್ಲ ಮಗಳೇ. ನಾನಾಗೇ ಎದ್ದು ಹೋಗಿ ಹೆಂಗೆ ಹಾಕ್ಕೊಳ್ಳಲಿ?"

ಆ ರಾತ್ರಿ ಅವಳು ಮೊಸರನ್ನ ಉಂಡಳು. ಪಂಕ್ತಿಯಲ್ಲಿ ಹೀಗೆ ಆಗುತ್ತಲೇ ಇರಲಿಲ್ಲ. ಎಲೆ ಖಾಲಿ ಇದ್ದರೆ ಬಡಿಸುವವರ ಕಣ್ಣಿಗೆ ಬೀಳುತ್ತಿತ್ತು. ಬೇಡ ಬೇಡ ಅಂದರೂ ಇನ್ನೊಂದು ಸೌಟು ಬೀಳುತ್ತಿತ್ತು. ಕೈಯಲ್ಲಿ ಏನೂ ತರಲಾಗದವರೂ ಎಲೆ ಮುಂದೆ ಕೂತು ಹೊಟ್ಟೆ ತುಂಬಾ ಉಣ್ಣುತ್ತಿದ್ದರು, ನೀನೇನು ತಂದೆ ಅಂತ ಯಾರೂ ಕೇಳುತ್ತಿರಲಿಲ್ಲ. ಇದನ್ನು ಬರೆಯೋಕೆ ನನಗೆ ಮನಸ್ಸಿರಲಿಲ್ಲ, ಆದರೆ ನಿಜ.

ಈ ವರ್ಷವೂ ಅಂಗಳದಲ್ಲೇ ಒಲೆ. ಅಮ್ಮನೂ ಬರುತ್ತಿದ್ದಾಳೆ. ರೂ ತಿರುಗಿಸೋಕೆ ಅವಳಿಗೂ ಒಂದು ಸರದಿ ಅಂತ ಅಜ್ಜ ಆಗಲೇ ಹೇಳಿದ್ದಾರೆ. ಎಲ್ಲರೂ ಹಾಕಿಕೊಂಡು ಕೂತ ಮೇಲೆ ನಾನು ಸೌಟು, ಪಾತ್ರೆ ಹಿಡಿದು ಒಂದು ಸುತ್ತು ಹೋಗುತ್ತೇನೆ, ಅಮ್ಮನ ಕುರ್ಚಿಯಿಂದ ಶುರು ಮಾಡಿ.