ಘೋಷಣೆಗೆ ಜಗ್ಗದ ಸೊಳ್ಳೆ

ವಿಶ್ವ ಮಲೇರಿಯಾ ದಿನವಾದ ಏಪ್ರಿಲ್ 25 ಈ ವರ್ಷವೂ ತಪ್ಪದೆ ಬಂದು ಹೋಗಿದೆ. ಬ್ಯಾನರ್ ಕಟ್ಟಿ, ಟೀ ಶರ್ಟ್ ಹಂಚಿ, ಹವಾನಿಯಂತ್ರಿತ ಸಭಾಂಗಣಗಳಲ್ಲಿ ಮಲೇರಿಯಾವನ್ನು ಮತ್ತೊಮ್ಮೆ ಉಗ್ರವಾಗಿ ಖಂಡಿಸಲಾಗಿದೆ. ಆ ಸಭಾಂಗಣಗಳಲ್ಲಿ ಸೊಳ್ಳೆ ಇರುವುದಿಲ್ಲವಾದ್ದರಿಂದ ಖಂಡನೆ ಅದರ ಕಿವಿಗೆ ಬಿದ್ದ ಲಕ್ಷಣವಿಲ್ಲ.

ಇದೇ ತಾರೀಖಿನಂದು, 2000ನೇ ಇಸವಿಯಲ್ಲಿ, ನೈಜೀರಿಯಾದ ಅಬುಜಾದಲ್ಲಿ ಸೇರಿದ ಆಫ್ರಿಕಾದ 44 ದೇಶಗಳ ಪ್ರತಿನಿಧಿಗಳು, 2010ರೊಳಗೆ ಮಲೇರಿಯಾ ಸಾವುಗಳನ್ನು ಅರ್ಧಕ್ಕಿಳಿಸುವುದಾಗಿಯೂ ಸೊಳ್ಳೆಪರದೆಯ ಮೇಲಿನ ತೆರಿಗೆಯನ್ನು ತಗ್ಗಿಸುವುದಾಗಿ ಇಲ್ಲವೇ ತೆಗೆಯುವುದಾಗಿಯೂ ಮಾತು ಕೊಟ್ಟರು. ಮರುವರ್ಷ ಅದೇ ಊರಿನಲ್ಲಿ, ಬಜೆಟ್ಟಿನ ಶೇ 15ರಷ್ಟನ್ನು ಆರೋಗ್ಯಕ್ಕೆ ಎತ್ತಿಡುವುದಾಗಿ ಇನ್ನೊಂದು ಮಾತು ಹೊರಬಿತ್ತು. ಹೆಚ್ಚಿನ ಸರ್ಕಾರಗಳು ಆ ಅಂಕಿಯ ಸನಿಹಕ್ಕೂ ಸುಳಿಯಲಿಲ್ಲ. ಹಾಗೆಂದು ಮೌಲ್ಯಮಾಪನವೇ ಇಲ್ಲವೆನ್ನುವಂತಿಲ್ಲ: 2009ರಲ್ಲಿ ಆಫ್ರಿಕಾದ ನಾಯಕರು ಕಟ್ಟಿಕೊಂಡ ಮಲೇರಿಯಾ ಒಕ್ಕೂಟವು ದೇಶಗಳ ಅಂಕಪಟ್ಟಿಯನ್ನು ಸಿದ್ಧಪಡಿಸಿ, ಪ್ರಶಸ್ತಿಗಳನ್ನೂ ಪ್ರದಾನ ಮಾಡುತ್ತದೆ. ಪರೀಕ್ಷೆ ಬರೆದವರೇ ಪರೀಕ್ಷಾ ಮಂಡಳಿಯಲ್ಲೂ ಕೂರುವ ಇಂಥ ಸೌಕರ್ಯ ನಮ್ಮ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಎಂದು ಸಿಕ್ಕೀತೋ.

ದಾನಿಗಳ ಪೈಕಿ ನನಗೆ ಅಚ್ಚುಮೆಚ್ಚಿನವರು 2005ರಲ್ಲಿ ಸ್ವಿಟ್ಜರ್ಲೆಂಡಿನ ಡಾವೋಸಿನಲ್ಲಿ ನಡೆದ ವಿಶ್ವ ಆರ್ಥಿಕ ವೇದಿಕೆಯ ಸಭಿಕರು. ತಾಂಜಾನಿಯಾದ ಅಧ್ಯಕ್ಷ ಬೆಂಜಮಿನ್ ಎಂಕಾಪಾ ಅವರು ತಮ್ಮ ದೇಶದ ಮಕ್ಕಳು ಮಲೇರಿಯಾದಿಂದ ಸಾಯುತ್ತಿರುವುದನ್ನು ಹೇಳಿದ ಮೇಲೆ, ನಟಿ ಶರಾನ್ ಸ್ಟೋನ್ ಸಭೆಯ ನಡುವೆ ಎದ್ದು ನಿಂತು ಸೊಳ್ಳೆಪರದೆಗಳಿಗಾಗಿ 10,000 ಡಾಲರ್ ಘೋಷಿಸಿ, ಉಳಿದವರೂ ಎದ್ದು ನಿಲ್ಲಬೇಕೆಂದರು. ಎದ್ದರು. ಕೆಲವೇ ನಿಮಿಷಗಳಲ್ಲಿ 10 ಲಕ್ಷ ಡಾಲರಿನ ವಾಗ್ದಾನ, ಜೊತೆಗೆ ಭರ್ಜರಿ ಚಪ್ಪಾಳೆ. ವಸೂಲಿಗೆ ಹೋದಾಗ ಕೈಗೆ ಬಂದದ್ದು ಸುಮಾರು ಎರಡೂವರೆ ಲಕ್ಷ. ಉಳಿದದ್ದನ್ನು ತುಂಬಿಕೊಡುವ ಭಾರ ಯುನಿಸೆಫ್ ತಲೆಗೆ ಬಿತ್ತು. ಜಗತ್ತಿನ ಅತಿ ಶ್ರೀಮಂತರು ಒಟ್ಟಾಗಿ ಎದ್ದು ನಿಂತರು, ಟಿವಿಯಲ್ಲಿ ಕಂಡರು, ಕುಳಿತರು. ನಮ್ಮೂರ ಜಾತ್ರೆಯ ಚಂದಾ ಪುಸ್ತಕದಲ್ಲಿ ಹೀಗೆ ಬರೆಸಿ ಕೈಯೆತ್ತಿದವನ ಹೆಸರನ್ನು ಮರುವರ್ಷ ಮೈಕಿನಲ್ಲಿ ಕೂಗುತ್ತಾರೆ; ಡಾವೋಸಿನಲ್ಲಿ ಅಂಥ ಅನಾಗರಿಕ ಪದ್ಧತಿ ಇಲ್ಲ.

ಅಮೆರಿಕದ ಅಧ್ಯಕ್ಷರಾಗಿದ್ದ ಜಾರ್ಜ್ ಬುಷ್ ಅವರು 2007ರ ಏಪ್ರಿಲ್ 25ರಂದು ಶ್ವೇತಭವನದ ತೋಟದಲ್ಲಿ ಪಶ್ಚಿಮ ಆಫ್ರಿಕಾದ ನೃತ್ಯತಂಡದೊಂದಿಗೆ ಹೆಜ್ಜೆ ಹಾಕಿದ್ದನ್ನು ನೋಡಿ ನಕ್ಕವರಲ್ಲಿ ನಾನೂ ಒಬ್ಬ. ಈಗ ನಗು ಬರುವುದಿಲ್ಲ. ಕುಣಿದರೂ ಆ ಮನುಷ್ಯ ಮಲೇರಿಯಾ ತಡೆಗೆ ಹಣ ಕೊಡಿಸಿದ್ದ. ಅಮೆರಿಕ 2025ರ ಜನವರಿಯಲ್ಲಿ ವಿದೇಶಿ ನೆರವನ್ನು ಒಂದು ಸಹಿಯಿಂದ ತಡೆಹಿಡಿದು, ಜುಲೈ ಹೊತ್ತಿಗೆ ಆ ನೆರವನ್ನು ಹಂಚುತ್ತಿದ್ದ ಯುಎಸ್‌ಎಐಡಿ ಎಂಬ ತನ್ನ ಸಂಸ್ಥೆಯ ಬಾಗಿಲನ್ನೇ ಮುಚ್ಚಿತು. ಯಾರೂ ಕುಣಿಯಲಿಲ್ಲ, ಅದೊಂದೇ ಸಮಾಧಾನ.

ತಮಾಷೆ ಸಾಕು. 2023ರಲ್ಲಿ ಮಲೇರಿಯಾದಿಂದ ಸತ್ತವರು ಅಂದಾಜು 5,97,000 ಮಂದಿ. ಅವರಲ್ಲಿ ಶೇ 95ರಷ್ಟು ಜನ ಆಫ್ರಿಕಾದವರು, ಅಲ್ಲಿ ಸತ್ತ ನಾಲ್ವರಲ್ಲಿ ಮೂವರು ಐದು ವರ್ಷ ತುಂಬದ ಮಕ್ಕಳು. ಉಪಾಯ ಗೊತ್ತಿಲ್ಲದೆ ಸತ್ತವರಲ್ಲ ಇವರು. ಕೀಟನಾಶಕ ಸವರಿದ ಒಂದು ಪರದೆಗೆ ಎರಡು ಡಾಲರ್ ಆಸುಪಾಸು ಬೀಳುತ್ತದೆ. ಮೊಳೆ ನಿಲ್ಲದ ಮಣ್ಣುಗೋಡೆಯ ಮನೆಯಲ್ಲಿ ತಾಯಿ ಅದನ್ನು ಸೂರಿನ ಗಳಕ್ಕೆ ಬಟ್ಟೆಯ ಚಿಂದಿಯಿಂದ ಬಿಗಿದು, ಅಂಚನ್ನು ಚಾಪೆಯಡಿ ಸಿಕ್ಕಿಸಿ, ಮಗುವಿನ ಪಾದ ಪರದೆಗೆ ತಾಗದಂತೆ ನಡುವಿಗೆ ಸರಿಸಿ, ಆ ಸೆಕೆಯಲ್ಲೇ ಮಲಗಿಸುತ್ತಾಳೆ. ಎರಡು ಮೂರು ವರ್ಷಕ್ಕೆ ಪರದೆ ಹರಿಯುತ್ತದೆ, ಇನ್ನೊಂದು ಬೇಕಾಗುತ್ತದೆ. ಆಕೆಯಿಂದ ಆಗಬೇಕಾದದ್ದಷ್ಟನ್ನೂ ಆಕೆ ಮಾಡಿಯಾಗಿದೆ, ಅದಕ್ಕಾಗಿ ಆಕೆ ಯಾವ ಶೃಂಗಸಭೆಯನ್ನೂ ಕರೆದಿರಲಿಲ್ಲ.

ಈಗ ಲಸಿಕೆಯೂ ಇದೆ. ಆರ್21 ಎಂಬ ಹೆಸರಿನ ಅದನ್ನು ತಯಾರಿಸುವುದು ನಮ್ಮ ಪಕ್ಕದ ಪುಣೆಯ ಸೀರಮ್ ಸಂಸ್ಥೆ; ಬಡ ದೇಶಗಳಿಗಾಗಿ ಅದನ್ನು ಕೊಳ್ಳಲು ಹಣ ಒದಗಿಸುವುದು ಗಾವಿ ಎಂಬ ಅಂತರರಾಷ್ಟ್ರೀಯ ಲಸಿಕಾ ಒಕ್ಕೂಟ. ಆ ಗಾವಿಗೆ ಇನ್ನು ಹಣ ಕೊಡುವುದಿಲ್ಲವೆಂದು ಅಮೆರಿಕದ ಆರೋಗ್ಯ ಕಾರ್ಯದರ್ಶಿಗಳು ಪ್ರಕಟಿಸಿದ್ದು 2025ರ ಜೂನ್‌ನಲ್ಲಿ, ಅದೂ ಗಾವಿಗೆ ಹಣ ಹೊಂದಿಸಲೆಂದೇ ಕರೆದಿದ್ದ ಬ್ರಸೆಲ್ಸ್ ಸಭೆಗೆ ಕಳುಹಿಸಿದ ವಿಡಿಯೊ ಸಂದೇಶದಲ್ಲಿ.