ಹಗ್ಗ ಹಿಡಿದು ನಿಲ್ಲಿಸುವ ಮೊದಲೇ ನೆಲ ಬಂದರೆ?

"ಹಾರ್ನೆಸ್ ಕೊಡಿಸಿದ್ದೀವಲ್ಲ, ಇನ್ನೇನು ಕೆಳಗೆ ಹಾಸಿಗೆ ಹಾಸಬೇಕಾ?"

ಎತ್ತರದಲ್ಲಿ ಕೆಲಸ ಮಾಡುವ ಹುಡುಗರು ಬಿದ್ದರೆ ಮೈಗೆ ಕಟ್ಟಿಕೊಳ್ಳುವ ಈ ಪಟ್ಟಿ ಉಳಿಸುವುದಿಲ್ಲ ಅಂದದ್ದಕ್ಕೆ, ನಮ್ಮ ಕಟ್ಟಡದ ಸೈಟ್ ನಡೆಸುವವರು ಎಲ್ಲರ ಮುಂದೆ ಹೀಗೆ ಹೇಳಿದರು. ಮೇಸ್ತ್ರಿ ನಕ್ಕರು. ಯಾರ ಜೀವಕ್ಕೋಸ್ಕರ ನಾನು ಬಾಯಿ ತೆರೆದಿದ್ದೆನೋ ಆ ಹುಡುಗರೂ ನಕ್ಕರು. ಕೈಯಲ್ಲಿ ಲೆಕ್ಕ ಬರೆದ ಚೀಟಿ ಹಿಡಿದು ನಿಂತಿದ್ದೆ. ಅದನ್ನು ಇಸಿದುಕೊಂಡು, ಓದದೇ, ಫೈಲ್ ಕೆಳಗೆ ತಳ್ಳಿದರು. ಓದದೇ! ಅದೇ ಸಂಕಟ. ಓದಿ ಬೈದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಚೀಟಿಯಲ್ಲಿ ಇದ್ದದ್ದು ಇಷ್ಟೇ. ಸ್ಲ್ಯಾಬ್ ಇರುವುದು 4 ಮೀಟರ್ ಎತ್ತರದಲ್ಲಿ. ಹುಕ್ ಹಾಕುವುದು ಕಾಲ ಹತ್ತಿರದ ಕಂಬಿಗೆ. ಹಾರ್ನೆಸ್‌ನಿಂದ ಹುಕ್‌ವರೆಗಿನ ಹಗ್ಗ, ಅಂದರೆ ಲ್ಯಾನ್ಯಾರ್ಡ್, 1.8 ಮೀಟರ್. ಬಿದ್ದಾಗ ಅದರಲ್ಲಿರುವ, ಜಗ್ಗಿನ ಏಟು ತಗ್ಗಿಸುವ ಶಾಕ್ ಅಬ್ಸಾರ್ಬರ್ ಬಿಚ್ಚಿಕೊಂಡು ಇನ್ನೊಂದು ಮೀಟರ್ ಉದ್ದವಾಗುತ್ತದೆ. ಹಗ್ಗ ಸಿಕ್ಕಿಸುವ ಬೆನ್ನಿನ ರಿಂಗ್‌ನಿಂದ ಪಾದದವರೆಗೆ ಸುಮಾರು 1.5 ಮೀಟರ್. ಕೂಡಿಸಿ ನೋಡಿ, 4.3. ಹಾರ್ನೆಸ್ ಪೂರ್ತಿ ಹಿಡಿದು ನಿಲ್ಲಿಸುವ ಮೊದಲೇ ಮನುಷ್ಯ ನೆಲಕ್ಕೆ ಬಡಿದಿರುತ್ತಾನೆ, ಅದೂ ಆ ಕಂಬಿ ಕಿತ್ತು ಬರದೇ ಇದ್ದರೆ. ಇದಕ್ಕೆ ದೊಡ್ಡ ಓದು ಬೇಕಾ?

ಹೋಗಲಿ ಬಿಡಿ, ಹಾರ್ನೆಸ್ ಆದರೂ ಬಂತಲ್ಲ ಅಂತ ಒಂದೊಂದು ಸಲ ಅನ್ನಿಸುತ್ತದೆ. ಮೊದಲು ಬರೀ ಸೊಂಟದ ಬೆಲ್ಟ್ ಇತ್ತು. ಅದರಲ್ಲಿ ಜೋತುಬಿದ್ದರೆ ಏಟೆಲ್ಲ ಹೊಟ್ಟೆಗೆ, ಬೆನ್ನುಮೂಳೆಗೆ. ಅದಕ್ಕೆ ಹೋಲಿಸಿದರೆ ಇದು ವಾಸಿ.

ಇಲ್ಲ, ವಾಸಿ ಅಲ್ಲ! ಬೆಲ್ಟ್ ಇದ್ದಾಗ ಹುಡುಗರು ಹೆದರಿ ಅಂಚಿನಿಂದ ದೂರ ಇರುತ್ತಿದ್ದರು. ಈಗ ಧೈರ್ಯವಾಗಿ ಬಗ್ಗುತ್ತಾರೆ. ಕೊಳ್ಳುವಾಗ ಎತ್ತರ ಎಷ್ಟು, ಹುಕ್ ಎಲ್ಲಿಗೆ ಅಂತ ಒಬ್ಬರೂ ಕೇಳಲಿಲ್ಲ. ಅಂಚಿಗೆ ಗಟ್ಟಿ ರೇಲಿಂಗ್ ಹಾಕಿ ಅಂದೆ. ಆಗಲ್ಲ ಅಂದರೆ ಅಂಚಿಗೇ ಹೋಗಲಾಗದಂತೆ ತಡೆಯುವ ಗಿಡ್ಡ ಹಗ್ಗ ಕೊಡಿ. ಅದೂ ಬೇಡವಾ, ತಲೆ ಮೇಲೆ ಹುಕ್ ಹಾಕಲು ಗಟ್ಟಿ ಆ್ಯಂಕರ್ ಮಾಡಿ, ಹಗ್ಗವನ್ನು ತಾನೇ ಒಳಗೆಳೆದುಕೊಂಡು ಬಿದ್ದ ತಕ್ಷಣ ಲಾಕ್ ಆಗುವ ರಿಟ್ರ್ಯಾಕ್ಟಬಲ್ ಬ್ಲಾಕ್ ಹಾಕಿ. ಮೂರಕ್ಕೂ ಒಂದೇ ಉತ್ತರ, ನಗು.

ಸರಿ, ಬಿದ್ದವನು ನೆಲ ಮುಟ್ಟದೇ ನೇತಾಡಿದ ಅಂತಲೇ ಇಟ್ಟುಕೊಳ್ಳಿ. ಅಲುಗಾಡದೇ ನೇತಾಡಿದರೆ ಕಾಲಿಗಿಳಿದ ರಕ್ತ ಸರಿಯಾಗಿ ವಾಪಸ್ ಏರುವುದಿಲ್ಲ, ಸ್ವಲ್ಪ ಹೊತ್ತಿನಲ್ಲೇ ಜೀವಕ್ಕೆ ಕುತ್ತು ಬರಬಹುದು. ಅವನನ್ನು ಇಳಿಸುವವರು ಯಾರು? ಏಣಿ ಎಲ್ಲಿದೆ? ಇದನ್ನೂ ಕೇಳಿದೆ. "ಟೈಮ್ ಆಯ್ತು" ಅಂತ ಎದ್ದುಹೋದರು.

ನನಗೂ ಸಾಕಾಗಿದೆ, ಇನ್ನು ಮಾತಾಡುವುದಿಲ್ಲ ಅಂತ ಬರುವಾಗ ಅಂದುಕೊಂಡಿದ್ದೆ. ಆದರೆ ಸುಮ್ನೆ ಇರೋದು ಹೇಗೆ? ಬೆಳಗಾದರೆ ಅದೇ ಹುಡುಗರು ಅದೇ ಕಂಬಿಗೆ ಹುಕ್ ಹಾಕುತ್ತಾರೆ. ಸೈಟ್ ನಡೆಸುವವರು ಯಾರಾದರೂ ಇದನ್ನು ಓದುತ್ತಿದ್ದರೆ ಉತ್ತರ ಕೊಡಿ: ನೀವು ಹಾರ್ನೆಸ್ ತರಿಸುವಾಗ ಕೆಳಗೆ ಎಷ್ಟು ಜಾಗ ಇದೆ ಅಂತ ಅಳೆದಿದ್ದೀರಾ, ಇಲ್ವಾ?